ಧಾನ್ಯ ಸಿಕ್ಕರೆ ಸಾಲದು, ಕರಾರು ಓದಬೇಕು

ರಾಯಭಾರಿಯಾಗಿದ್ದವರು ಆಹಾರ ನೆರವಿನ ಸಂಸ್ಥೆಗೆ ಬಂದರೆ ಭಾಷಣಕ್ಕೆ ಬಂದರು ಅಂದುಕೊಳ್ಳುವವರಿದ್ದಾರೆ. ಅವರ ನಿಜವಾದ ಬೆಲೆ ಗೊತ್ತಾಗುವುದು ಕರಾರಿನ ಕರಡು ಮೇಜಿನ ಮೇಲೆ ಬಂದಾಗ.

ಆಸ್ಟ್ರೇಲಿಯದ ಜೇಮ್ಸ್ ಇಂಗ್ರಾಮ್ ಅವರನ್ನೇ ನೋಡಿ. ಫಿಲಿಪ್ಪೀನ್ಸ್‌ನಲ್ಲಿ ರಾಯಭಾರಿ, ಕೆನಡಾದಲ್ಲಿ ಹೈಕಮಿಷನರ್, ಆಮೇಲೆ ತಮ್ಮ ದೇಶದ ನೆರವು ವಿಭಾಗದ ಮುಖ್ಯಸ್ಥ. 1982ರಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಹೊಣೆ ಹೊತ್ತಾಗ ಅದರ ಲೆಕ್ಕಪತ್ರ, ಹಿರಿಯ ಅಧಿಕಾರಿಗಳ ನೇಮಕ ಎರಡೂ ಆಹಾರ ಮತ್ತು ಕೃಷಿ ಸಂಸ್ಥೆಯ ಹಿಡಿತದಲ್ಲಿದ್ದವು. ಅಲ್ಲಿನ ಮುಖ್ಯಸ್ಥ ಎಡ್ವರ್ಡ್ ಸವೂಮಾ ಬಿಟ್ಟುಕೊಡುವವರಲ್ಲ. ಇಂಗ್ರಾಮ್ ಸದಸ್ಯ ದೇಶಗಳ ಒಪ್ಪಿಗೆ ಕೂಡಿಸುತ್ತಾ ಹೋದರು. ಆ ಹಿಡಿತ ಸಡಿಲಿಸಿದ ಹೊಸ ನಿಯಮಾವಳಿ ಜಾರಿಯಾದದ್ದು 1992ರ ಜನವರಿ 1ಕ್ಕೆ. ಅವರು ನಿವೃತ್ತರಾದದ್ದು ಅದೇ ಏಪ್ರಿಲ್‌ನಲ್ಲಿ. ಇಷ್ಟು ತಾಳ್ಮೆ ಗೋದಾಮಿನ ಕೆಲಸ ಕಲಿಸುವುದಿಲ್ಲ.

ಆದರೆ ಗೋದಾಮಿನ ಲೆಕ್ಕವನ್ನೂ ಇಂಥ ರಾಯಭಾರಿಗಳು ಕಲಿಯಲೇಬೇಕು. ತಲೆಗೆ ದಿನಕ್ಕೆ 2,100 ಕಿಲೋಕ್ಯಾಲರಿ ಗುರಿ. ಸಾಮಾನ್ಯವಾಗಿ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, ಜತೆಗೆ ಪೌಷ್ಟಿಕ ಹಿಟ್ಟು, ಸಕ್ಕರೆ, ಉಪ್ಪು. 10,000 ಜನಕ್ಕೆ 30 ದಿನಕ್ಕೆ ಧಾನ್ಯವೇ 120 ಟನ್, 50 ಕಿಲೋದ 2,400 ಮೂಟೆ. ಎಣ್ಣೆ ಬರೀ ಏಳೂವರೆ ಟನ್, ಆದರೆ ಅದು ತಡವಾದರೆ ದಿನಕ್ಕೆ 220 ಕಿಲೋಕ್ಯಾಲರಿ ಖೋತಾ. ಹಿಟ್ಟು ಮಾಡಿಸದೆ ಇಡೀ ಜೋಳ ಹಂಚಿದರೆ ಜನ ಗಿರಣಿ ಕೂಲಿಗೆ ಜೋಳವನ್ನೇ ಕೊಡುತ್ತಾರೆ. ಮಕ್ಕಳ ತಟ್ಟೆಗೆ ಅಷ್ಟು ಕಡಿಮೆ. ಬೀಸುವ ಖರ್ಚು ಯಾರದ್ದೆಂದು ದಾನಿಯ ಪತ್ರದಲ್ಲೇ ಬರೆಸಿ. ಸಾಗಣೆಯೂ ಹಾಗೆಯೇ: ಧಾನ್ಯ ಕೊಡಬಲ್ಲ, ಸಾಗಣೆಗೆ ಹಣವಿಲ್ಲದ ದೇಶಕ್ಕೆ ಹಣ ಕೊಡುವ ಇನ್ನೊಂದು ದೇಶವನ್ನು ಜೋಡಿ ಮಾಡಬಹುದು.

ಭಾರತ ಅಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡುವ ಪ್ರಸ್ತಾವ ಇಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ದಾರಿ ಬಿಡಲು ಪಾಕಿಸ್ತಾನ ನವೆಂಬರ್‌ನಲ್ಲಿ ಒಪ್ಪಿತು. ಆಮೇಲೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಯಾರ ಲಾರಿ ಎಂಬ ಪ್ರಶ್ನೆ ಉಳಿದಿತ್ತು. ಕೊನೆಗೆ ಅಫ್ಘಾನ್ ಲಾರಿಗಳೇ ಪಂಜಾಬಿನ ಗಡಿಯ ಅಟ್ಟಾರಿಗೆ ಬಂದು ತುಂಬಿಕೊಂಡವು. ಜಲಾಲಾಬಾದ್ ಕಡೆಗೆ ಮೊದಲ 50 ಲಾರಿ ಹೊರಟದ್ದು 2022ರ ಫೆಬ್ರವರಿ 22ರಂದು, 2,500 ಟನ್ ಹೊತ್ತು. ಅಷ್ಟರಲ್ಲಿ ಅಲ್ಲಿನ ಚಳಿಗಾಲ ಬಹುಪಾಲು ಕಳೆದಿತ್ತು.