ಬೆಂಗಳೂರಿನಿಂದ ನೇತ್ರಾಣಿಗೆ, ಜೊತೆಗೊಂದು ಪುಟ್ಟ ಸಿಲಿಂಡರ್

ಎರಡು ವರ್ಷದ ಹಿಂದಿನ ಮಾತು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುತ್ತಾ 18 ಮೀಟರ್ ಆಳದಲ್ಲಿದ್ದೆ. ಬಾಡಿಗೆಗೆ ತಗೊಂಡಿದ್ದ ರೆಗ್ಯುಲೇಟರ್, ಅಂದರೆ ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ಇದ್ದಕ್ಕಿದ್ದಂತೆ ಬುಸ್ ಅಂತ ಗಾಳಿ ಸುರಿಸೋಕೆ ಶುರು ಮಾಡಿತು. ಏನು ಮಾಡಿದರೂ ನಿಲ್ಲಲಿಲ್ಲ. ಉಳಿದ ಗಾಳಿ ತೋರಿಸುವ ಗೇಜಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ನನ್ನ ಬಡ್ಡಿ, ಅಂದರೆ ಜೊತೆಗೆ ಇಳಿದಿದ್ದ ಡೈವರ್, ಹತ್ತು ಹನ್ನೆರಡು ಮೀಟರ್ ಮುಂದೆ, ಬಂಡೆಯ ಆ ಬದಿಯಲ್ಲಿ ಮೀನು ನೋಡುತ್ತಿದ್ದ. ಅವನ ಹತ್ತಿರ ಈಜಿ ಹೋಗಿ ಅವನ ಆಕ್ಟೋಪಸ್ (ಅದೇ ಸಿಲಿಂಡರ್‌ಗೆ ಸೇರಿಸಿದ, ತುರ್ತಿಗೆಂದು ಇರುವ ಎರಡನೇ ಬಾಯಿಭಾಗ) ಬಾಯಿಗಿಟ್ಟುಕೊಂಡೆ. ಇಬ್ಬರೂ ಕ್ಷೇಮವಾಗಿ ಮೇಲೆ ಬಂದೆವು. ಆದರೆ ಆ ಹತ್ತು ಮೀಟರ್ ಈಜಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ಈ ಜನವರಿಯಲ್ಲಿ ಮತ್ತೆ ಹೋದಾಗ ನನ್ನದೇ ಪೋನಿ ಬಾಟಲ್ ಜೊತೆಗಿತ್ತು. ಪೋನಿ ಅಂದರೆ ದೊಡ್ಡ ಸಿಲಿಂಡರ್‌ಗೆ ಸಂಬಂಧವೇ ಇಲ್ಲದ, ಸ್ವಂತ ರೆಗ್ಯುಲೇಟರ್ ಮತ್ತು ಸ್ವಂತ ಗೇಜ್ ಇರುವ ಚಿಕ್ಕ ಸಿಲಿಂಡರ್. ಆಕ್ಟೋಪಸ್ ಇದೆಯಲ್ಲ, ಇನ್ನೇಕೆ ಅಂತ ತುಂಬಾ ಜನ ಕೇಳುತ್ತಾರೆ. ನಿಮ್ಮ ಆಕ್ಟೋಪಸ್‌ಗೆ ಗಾಳಿ ಬರುವುದೂ ಅದೇ ದೊಡ್ಡ ಸಿಲಿಂಡರ್‌ನಿಂದ. ಅದು ಖಾಲಿಯಾದರೆ ಎರಡೂ ಖಾಲಿ, ಅಲ್ವಾ?

ಬೆಂಗಳೂರಿನ ಅಂಗಡಿಯಲ್ಲಿ ಮೊದಲು ತೋರಿಸಿದ್ದು ನೀರಿನ ಬಾಟಲಿಯಷ್ಟು ಚಿಕ್ಕದನ್ನು. 3 ಕ್ಯೂಬಿಕ್ ಫೀಟ್, ಅಂದರೆ ಸುಮಾರು 85 ಲೀಟರ್ ಗಾಳಿ. ಬಾಯಿಗಿಡುವ ಭಾಗ ನೇರವಾಗಿ ಬಾಟಲಿಯ ಮೇಲೇ ಇರುತ್ತದೆ. ಹಗುರ, ನೋಡೋಕೂ ಚೆಂದ. ನಾನು ಇನ್ನೇನು ತಗೊಳ್ಳಬೇಕು, ಜೊತೆಗಿದ್ದ ನನ್ನ ಹೆಂಡತಿ "ಇದು ಎಷ್ಟು ನಿಮಿಷ ಬರುತ್ತೆ?" ಅಂತ ಕೇಳಿದಳು. ಅಲ್ಲೇ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಲೇಬೇಕು.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ಬಾರ್ ಜಾಸ್ತಿಯಾಗುತ್ತದೆ. ನೀರಿನ ಮೇಲೇ ಒಂದು ಬಾರ್ ಇರುವುದರಿಂದ 18 ಮೀಟರ್‌ನಲ್ಲಿ ಅದು 2.8 ಬಾರ್. ಒತ್ತಡ ಎಷ್ಟು ಪಟ್ಟೋ ಗಾಳಿಯೂ ಅಷ್ಟು ಪಟ್ಟು ಖರ್ಚಾಗುತ್ತದೆ. ನೆಮ್ಮದಿಯಾಗಿರುವ ಡೈವರ್‌ಗೆ ಮೇಲ್ಮಟ್ಟದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಸಾಕಾಗಬಹುದು. ಗಾಬರಿಯಾದವನಿಗೆ 40 ಅಂತಲೇ ಇಟ್ಟುಕೊಳ್ಳಿ. 40ನ್ನು 2.8ರಿಂದ ಗುಣಿಸಿದರೆ ನಿಮಿಷಕ್ಕೆ 112 ಲೀಟರ್. ಅಂದರೆ ಆ ಚಂದದ ಬಾಟಲ್ ಒಂದು ನಿಮಿಷವೂ ಬರುವುದಿಲ್ಲ.

ಹಾಗಾದರೆ ಎಷ್ಟು ಬೇಕು? ಕೆಳಗೆ ಸಾವರಿಸಿಕೊಳ್ಳಲು ಒಂದು ನಿಮಿಷ: 112 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ ನಿಧಾನವಾಗಿ ಏರಲು ಎರಡು ನಿಮಿಷ: ಸುಮಾರು 150. 5 ಮೀಟರ್‌ನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಲು: 180. ಒಟ್ಟು 440ರ ಆಸುಪಾಸು. 13 ಕ್ಯೂಬಿಕ್ ಫೀಟ್ ಪೋನಿಯಲ್ಲಿ ಸುಮಾರು 370 ಲೀಟರ್ ಇರುತ್ತದೆ. ಕೊನೆಯ ಮೂರು ನಿಮಿಷ ನಿಲ್ಲದೆ ಬಂದರೆ ಮಾತ್ರ ಅದು ಸಾಕಾಗುತ್ತದೆ. 19ರದ್ದರಲ್ಲಿ ಸುಮಾರು 540 ಲೀಟರ್. ನಾನು ತಗೊಂಡಿದ್ದು ಅದೇ. 30 ಮೀಟರ್‌ಗೆ ಇಳಿಯುವವರಿಗೆ ಇದೇ ಲೆಕ್ಕದಲ್ಲಿ 670 ಲೀಟರ್ ಬೇಕು. ಅವರು 850 ಲೀಟರ್ ಹಿಡಿಸುವ 30ರದ್ದನ್ನೇ ನೋಡಬೇಕು.

ಸಾಗಿಸುವ ವಿಷಯ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ. ವಿಮಾನದಲ್ಲಿ ತುಂಬಿದ ಸಿಲಿಂಡರ್ ಬಿಡುವುದಿಲ್ಲ. ಅಂಡಮಾನ್‌ಗೆ ಹೋಗುವವರು ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಒಯ್ಯಬಹುದೇ ಅಂತ ಏರ್‌ಲೈನ್‌ನವರಿಂದ ಮೊದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ನನ್ನ ಕೇಳಿದರೆ ಅಲ್ಲೇ ಬಾಡಿಗೆಗೆ ಸಿಗುತ್ತಾ ವಿಚಾರಿಸುವುದು ಸುಲಭ. ನಾವು ಕಾರಿನಲ್ಲೇ ಹೊರಟೆವು: ತುಮಕೂರು, ಶಿವಮೊಗ್ಗ, ಸಾಗರ, ಹೊನ್ನಾವರ, ಅಲ್ಲಿಂದ ಮುರುಡೇಶ್ವರ. ಸಿಲಿಂಡರ್‌ನಲ್ಲಿ 20 ಬಾರ್ ಮಾತ್ರ ಉಳಿಸಿದ್ದೆ. ಪೂರ್ತಿ ಖಾಲಿ ಬಿಟ್ಟರೆ ಒಳಗೆ ತೇವ ಸೇರುತ್ತದೆ. ತುಂಬಿಸಿಕೊಂಡು ಬಿಸಿಲಲ್ಲಿ ಓಡಾಡುವುದೂ ಬೇಡ. ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ಉರುಳಾಡದ ಹಾಗೆ ಹಳೇ ಕಂಬಳಿಯಲ್ಲಿ ಸುತ್ತಿ, ಸೀಟಿನ ಕೆಳಗೆ ಅಡ್ಡಲಾಗಿ ಕಟ್ಟಿದ್ದೆ.

ಮುರುಡೇಶ್ವರದಲ್ಲಿ ತುಂಬಿಸಿಕೊಂಡೆ. ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಆದ ದಿನಾಂಕ ಸಿಲಿಂಡರ್‌ನ ಕತ್ತಿನ ಹತ್ತಿರ ಕೊರೆದಿರುತ್ತದೆ. ಅದು ಹಳತಾಗಿದ್ದರೆ ತುಂಬಿಸಲು ಒಪ್ಪುವುದಿಲ್ಲ, ಮನೆಯಲ್ಲೇ ನೋಡಿಕೊಂಡು ಹೊರಡಿ. ನನಗೆ ವಾಪಸ್ ಕೊಟ್ಟಾಗ ಗೇಜ್ 150 ಬಾರ್ ತೋರಿಸುತ್ತಿತ್ತು. 540 ಲೀಟರ್ ಅನ್ನೋದು 200 ದಾಟಿ ತುಂಬಿದಾಗಿನ ಲೆಕ್ಕ. 150ಕ್ಕೆ ಅದು 400ರ ಹತ್ತಿರ, ನನಗೆ ಬೇಕಾದ 440ಕ್ಕಿಂತ ಕಡಿಮೆ. ಇನ್ನೊಮ್ಮೆ ತುಂಬಿಸಿಕೊಡಿ ಅಂತ ಕೇಳಿದೆ, ಕೊಟ್ಟರು. ಸಂಕೋಚ ಪಡಬೇಡಿ.

ಬೆಳಿಗ್ಗೆ ಬೋಟ್. ದ್ವೀಪಕ್ಕೆ ಸುಮಾರು 19 ಕಿಲೋಮೀಟರ್, ಒಂದೂವರೆ ಗಂಟೆ ಹಿಡಿಯಿತು. ಮಳೆಗಾಲದಲ್ಲಿ ಈ ಡೈವ್ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೋಗುವುದು ಒಳ್ಳೆಯದು.

ಪೋನಿಯನ್ನು ಕೆಲವರು ಬೆನ್ನಿನ ದೊಡ್ಡ ಸಿಲಿಂಡರ್‌ಗೇ ಬಿಗಿಯುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಎಡಬದಿಗೆ ಎರಡು ಕ್ಲಿಪ್ ಹಾಕಿ ಭುಜದಿಂದ ಸೊಂಟದವರೆಗೆ ತೂಗುಹಾಕಿದರೆ ವಾಲ್ವ್ ಕೈಗೆ ಸಿಗುತ್ತದೆ, ಗೇಜ್ ಕಣ್ಣಿಗೆ ಕಾಣುತ್ತದೆ, ಬೇಕಾದರೆ ಬಿಚ್ಚಿ ಇನ್ನೊಬ್ಬರಿಗೆ ಕೊಡಲೂ ಆಗುತ್ತದೆ. ವಾಲ್ವ್ ತೆರೆದಿಡಬೇಕೋ ಮುಚ್ಚಿಡಬೇಕೋ ಅನ್ನೋದರಲ್ಲಿ ಡೈವರ್‌ಗಳಲ್ಲೇ ಒಮ್ಮತವಿಲ್ಲ. ನಾನು ತೆರೆದೇ ಇಡುತ್ತೇನೆ. ಗಾಬರಿಯಲ್ಲಿ ವಾಲ್ವ್ ಹುಡುಕುವ ಕೆಲಸ ಬೇಡ. ಆದರೆ ಸೋರಿದರೆ ಗೊತ್ತಾಗಬೇಕಲ್ಲ, ಅದಕ್ಕೆ ದೊಡ್ಡ ಗೇಜ್ ನೋಡಿದಾಗಲೆಲ್ಲ ಚಿಕ್ಕದನ್ನೂ ನೋಡುತ್ತೇನೆ. ಅದರ ಬಾಯಿಭಾಗಕ್ಕೆ ದಪ್ಪನೆಯ ಹಸಿರು ಟೇಪ್ ಸುತ್ತಿದ್ದೇನೆ. ಗೊತ್ತಿಲ್ಲದೆ ಪೋನಿಯಿಂದಲೇ ಉಸಿರಾಡುತ್ತಾ ಇಳಿದು ಅದನ್ನು ಖಾಲಿ ಮಾಡಿಕೊಂಡರೆ ಅದಿದ್ದೂ ಇಲ್ಲದಂತೆ.

ಹೊರಡುವ ಮೊದಲು ಬೆಂಗಳೂರಿನ ಈಜುಕೊಳದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದೆ. ಕಣ್ಣು ಮುಚ್ಚಿ ಹಸಿರು ಟೇಪ್ ಹುಡುಕುವುದು, ಬಾಯಿಗಿಡುವುದು, ನೀರು ಹೊರಹಾಕಿ ಉಸಿರೆಳೆಯುವುದು. ಮೊದಲ ದಿನ ಕೈ ತಡಕಾಡಿತು, ನಾಲ್ಕನೇ ದಿನ ತಾನಾಗೇ ಹೋಯಿತು. ಅಭ್ಯಾಸವಿಲ್ಲದೆ ಸುಮ್ನೆ ಕಟ್ಟಿಕೊಂಡು ಇಳಿಯಬೇಡಿ, ದಯವಿಟ್ಟು. ಪೋನಿಯ ಗಾಳಿಯನ್ನು ಡೈವ್ ಲೆಕ್ಕಕ್ಕೂ ಸೇರಿಸಬೇಡಿ. ದೊಡ್ಡ ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲಿರಬೇಕು ಅನ್ನುವ ನಿಯಮ ಹಾಗೇ ಇರಲಿ. ಈ ಸಲ ಎರಡೂ ಡೈವ್‌ನಲ್ಲಿ ಪೋನಿ ಬೇಕಾಗಲೇ ಇಲ್ಲ. ಬಡ್ಡಿ ಮಾತ್ರ ಎರಡು ಮೀಟರ್ ದಾಟಿ ಹೋಗದಂತೆ ನೋಡಿಕೊಂಡೆ.

ವಾಪಸ್ ಬರುವಾಗ ಬೆಂಗಳೂರಿನವರು ಮರೆಯುವ ಒಂದು ವಿಷಯ ಇದೆ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅಂತ ಡೈವರ್‌ಗಳಿಗೆಲ್ಲ ಗೊತ್ತು: ಎತ್ತರದಲ್ಲಿ ಒತ್ತಡ ಕಡಿಮೆಯಾಗಿ, ಮೈಯಲ್ಲಿ ಸೇರಿರುವ ಸಾರಜನಕ ಗುಳ್ಳೆಯಾಗಬಹುದು. ಆದರೆ ನಮ್ಮ ಊರೇ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಡೈವರ್‌ಗಳ ಸುರಕ್ಷತೆಗೆ ದುಡಿಯುವ ಡ್ಯಾನ್ ಸಂಸ್ಥೆಯ ಸಲಹೆ ಸುಮಾರು 600 ಮೀಟರ್ ದಾಟಿದರೆ ಅನ್ವಯಿಸುತ್ತದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಬಿಡಬೇಕು. ಘಾಟಿ ಹತ್ತುವುದೂ ಮೇಲೇರುವುದೇ. ನಮ್ಮ ಎರಡನೇ ಡೈವ್ ಭಾನುವಾರ ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಅವತ್ತು ಮುರುಡೇಶ್ವರದಲ್ಲೇ ಉಳಿದೆವು. ಸಂಜೆ ರೆಗ್ಯುಲೇಟರ್‌ಗಳನ್ನೆಲ್ಲ ಸಿಹಿನೀರಲ್ಲಿ ತೊಳೆದು ಒಣಗಿಸಿದೆ. ಪೋನಿಯನ್ನು ಮತ್ತೆ 20 ಬಾರ್‌ಗೆ ಇಳಿಸಿ ಕಂಬಳಿ ಸುತ್ತಿಟ್ಟೆ. ಸೋಮವಾರ ತಿಂಡಿ ಮುಗಿಸಿ ಒಂಬತ್ತಕ್ಕೆ ಕಾರು ಹತ್ತಿದೆವು.