ಕಡಲಾಮೆ, ಗೇರುಕೊರಕ
ಹೊನ್ನಾವರದ ಕಾಸರಕೋಡು ದಂಡೆಯಲ್ಲಿ ಕಡಲಾಮೆ, ಒಳಗಿನ ಗೇರು ಹಕ್ಕಲಿನಲ್ಲಿ ಕಾಂಡಕೊರಕ ದುಂಬಿ. ಮೊಟ್ಟೆಯಿಟ್ಟು ಹೋದರೆ ಎರಡೂ ತಿರುಗಿ ನೋಡುವವಲ್ಲ. ಹೋಲಿಕೆ ಅಷ್ಟಕ್ಕೇ ಮುಗಿಯಿತು.

ಆಲಿವ್ ರಿಡ್ಲೆ ಜಾತಿಯ ಈ ಕಡಲಾಮೆ ಒಂದೂವರೆ ಅಡಿ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮರಿ ಹೊರಬರಲು 45ರಿಂದ 60 ದಿನ. ಮರಳು ಬಿಸಿಯಾದಷ್ಟೂ ಹೆಣ್ಣು ಹೆಚ್ಚು. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಕೈ ಹಾಕಬೇಡಿ. ಇಟ್ಟು ಕೆಲವು ಗಂಟೆ ಕಳೆದ ಮೊಟ್ಟೆಯನ್ನು ಮಗುಚಿದರೆ ಒಳಗಿನ ಭ್ರೂಣ ಸಾಯುತ್ತದೆ.

ದುಂಬಿ ಬುಡದ ತೊಗಟೆಯ ಬಿರುಕಲ್ಲಿ ಬಿಡಿಬಿಡಿಯಾಗಿ ಇಡುತ್ತದೆ. ಹುಳ ತೊಗಟೆಯಡಿ ಕೊರೆದು ಆಹಾರದ ಹರಿವನ್ನೇ ಕಡಿಯುತ್ತದೆ. ಎಲೆ ಹಳದಿಯಾದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಬುಡದಲ್ಲಿ ಅಂಟು, ಮರದ ಹುಡಿ ಕಂಡ ದಿನವೇ ಉಳಿಯಿಂದ ತೊಗಟೆ ಕೆತ್ತಿ ಹುಳ ತೆಗೆಯಿರಿ. ಸತ್ತ ಮರವನ್ನು ಬೇರುಸಹಿತ ಕಿತ್ತು ಸಾಗಿಸಿ. ಬಿಟ್ಟರೆ ಹೊಸ ದುಂಬಿಗಳು ಅಲ್ಲಿಂದಲೇ ಹೊರಡುತ್ತವೆ.