ಬೋರ್ಡ್ ಬಿಚ್ಚುವ ಮೊದಲು ಎರಡು ಪಿನ್ ಸೇರಿಸಿ ನೋಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ಹಳೇ ಸಿಎನ್‌ಸಿ ಮಶೀನುಗಳಿಗೆ (ಪ್ರೋಗ್ರಾಂ ಹೇಳಿದಂತೆ ಲೋಹ ಕಡೆಯುವ ಲೇತ್‌ನಂಥವು) ಪ್ರೋಗ್ರಾಂ ಕಳಿಸಲು ನನಗೆ ಇವತ್ತಿಗೂ ಸೀರಿಯಲ್ ಕೇಬಲ್ಲೇ ಬೇಕು. ಅದಕ್ಕೇ ಒಂಬತ್ತು ಪಿನ್ನಿನ ಪೋರ್ಟ್ ಇರುವ ಹಳೇ ಲ್ಯಾಪ್‌ಟಾಪನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮೊನ್ನೆ ಆ ಪೋರ್ಟ್ ಸುಮ್ಮನಾಯಿತು. ಎರರ್ ಇಲ್ಲ, ಲೇತಿಗೆ ಡೇಟಾನೂ ಇಲ್ಲ.

"ಸರ, ಮಶೀನಿನ ಬೋರ್ಡ ಹೋಗಿರಬೇಕ್ರೀ" ಅಂದರು ಆಪರೇಟರ್.

"ತಡೀರಿ, ಮೊದ್ಲ ಲ್ಯಾಪ್‌ಟಾಪ್ ನೋಡೂಣು" ಅಂದೆ. ಬೋರ್ಡ್ ರಿಪೇರಿಗೆ ಹೋದರೆ ಸಣ್ಣ ವರ್ಕ್‌ಶಾಪಿನ ಕೆಲಸವೇ ನಿಲ್ಲುತ್ತದೆ. ಸುಮ್ನೆ ಅನುಮಾನದ ಮೇಲೆ ಅದನ್ನು ಬಿಚ್ಚಬಾರದು.

ಕೇಬಲ್ ತೆಗೆದು, ಲ್ಯಾಪ್‌ಟಾಪಿನ 2 ಮತ್ತು 3ನೇ ಪಿನ್ನುಗಳನ್ನು ತುಂಡು ತಂತಿಯಿಂದ ಸೇರಿಸಿದೆ. 3ರಿಂದ ಡೇಟಾ ಹೊರಗೆ ಹೋಗುತ್ತದೆ, 2ರಿಂದ ಒಳಗೆ ಬರುತ್ತದೆ. ಹಾಗಾಗಿ ಟರ್ಮಿನಲ್ ಪ್ರೋಗ್ರಾಂನಲ್ಲಿ (ಪೋರ್ಟಿಗೆ ಅಕ್ಷರ ಕಳಿಸಿ, ಬಂದದ್ದನ್ನು ತೋರಿಸುವ ಪ್ರೋಗ್ರಾಂ) ಒತ್ತಿದ ಅಕ್ಷರ ತಿರುಗಿ ಬರಬೇಕು. ಒತ್ತಿದ್ದನ್ನು ಪ್ರೋಗ್ರಾಂ ತಾನೇ ತೋರಿಸುವ ಲೋಕಲ್ ಎಕೋ ಆಫ್ ಇರಲಿ, ಇಲ್ಲದಿದ್ದರೆ ಸತ್ತ ಪೋರ್ಟಿನಲ್ಲೂ ಅಕ್ಷರ ಕಾಣುತ್ತದೆ. ಹಾರ್ಡ್‌ವೇರ್ ಫ್ಲೋ ಕಂಟ್ರೋಲನ್ನೂ ಆಫ್ ಮಾಡಿ, ಬೇರೆ ಪಿನ್ನಿನಲ್ಲಿ ಒಪ್ಪಿಗೆ ಬರುವವರೆಗೆ ಅದು ಸರಿಯಿರುವ ಪೋರ್ಟನ್ನೂ ತಡೆದು ನಿಲ್ಲಿಸುತ್ತದೆ. ನನಗೆ ಒಂದಕ್ಷರವೂ ಬರಲಿಲ್ಲ. ಅಂದರೆ ತೊಂದರೆ ಲ್ಯಾಪ್‌ಟಾಪಿನಲ್ಲೇ ಇತ್ತು.

ಲಿನಕ್ಸ್‌ನಲ್ಲಿ ಸೆಟ್‌ಸೀರಿಯಲ್ ಕಮಾಂಡ್ ಕೊಟ್ಟರೆ 16550ಎ ಎಂದು ಸೀರಿಯಲ್ ಪೋರ್ಟ್ ನಡೆಸುವ ಚಿಪ್ಪಿನ ಹೆಸರು ಸರಿಯಾಗಿಯೇ ಬಂತು. ಆಮೇಲೆ ಮಲ್ಟಿಮೀಟರ್ ಹಿಡಿದೆ. ಪೋರ್ಟ್ ಸುಮ್ಮನಿದ್ದಾಗ 5ನೇ ಪಿನ್ನಿಗೆ (ಗ್ರೌಂಡ್) ಹೋಲಿಸಿದರೆ 3ನೇ ಪಿನ್ನಿನಲ್ಲಿ ಮೈನಸ್ 5ರಿಂದ ಮೈನಸ್ 15 ವೋಲ್ಟ್ ಒಳಗೆ ಏನಾದರೂ ಇರಬೇಕು. ಅಳೆಯುವಾಗ ಟರ್ಮಿನಲ್ ತೆರೆದೇ ಇರಲಿ. ಕೆಲವು ಲ್ಯಾಪ್‌ಟಾಪುಗಳು ಬಳಕೆಯಲ್ಲಿಲ್ಲದ ಪೋರ್ಟಿನ ಕರೆಂಟನ್ನೇ ಕಟ್ ಮಾಡುತ್ತವೆ. ತೆರೆದಿಟ್ಟರೂ ಮೀಟರ್ ಸೊನ್ನೆ ತೋರಿಸಿತು. ಒಳಗಿನ ಚಿಪ್ ಬದುಕಿದೆ, ಪಿನ್ನಿಗೆ ವೋಲ್ಟೇಜ್ ಕೊಡುವ ಡ್ರೈವರ್ ಐಸಿ ಹೋಗಿದೆ.

ಆ ಶೆಡ್ಡಿನ ಸಾಕೆಟ್‌ನಲ್ಲಿ ಅರ್ಥಿಂಗ್ ಇರಲಿಲ್ಲ. ಅಂಥ ಕಡೆ ಚಾರ್ಜರಿನಿಂದ ಲ್ಯಾಪ್‌ಟಾಪಿನ ಬಾಡಿಗೆ ಸಣ್ಣ ಲೀಕೇಜ್ ಬರುತ್ತದೆ. ಮುಟ್ಟಿದರೆ ಕೈ ಜುಮ್ ಅನ್ನುತ್ತಲ್ವಾ, ಅದೇ. ಕೇಬಲ್ ಹಾಕುವಾಗ ಗ್ರೌಂಡಿಗಿಂತ ಡೇಟಾ ಪಿನ್ ಮೊದಲು ತಾಗಿದರೆ ಅದು ನೇರ ಐಸಿಗೇ ಹೊಡೆಯುತ್ತದೆ. ನನ್ನ ಅಂದಾಜಿನಲ್ಲಿ ಇಲ್ಲೂ ಆಗಿದ್ದು ಇದೇ. ಆಪರೇಟರಿಗೂ ಹೇಳಿ ಬಂದೆ: ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್, ಮಶೀನು ಎರಡನ್ನೂ ಆಫ್ ಮಾಡಿ, ಆಮೇಲೆ ಕೇಬಲ್ ಹಾಕಿ.

ಸದ್ಯಕ್ಕೆ ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಕನ್ವರ್ಟರ್ ಹಾಕಿದೆ. ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಕೊಡುವ ಡಯಲ್‌ಔಟ್ ಗ್ರೂಪಿಗೆ ಯೂಸರನ್ನು ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದೆ. ಮಶೀನಿನಲ್ಲಿದ್ದಂತೆ 4800 ಬಾಡ್, 7 ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್ ಬಿಟ್ ಇಟ್ಟೆ. ಪ್ರೋಗ್ರಾಂ ಪೂರ್ತಿ ಹೋಯಿತು. ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.